ವರ್ಸೋವಾದ ಬಂಗುಡೆ, ಮಾಟುಂಗಾದ ಮೊಸರನ್ನ

ಬೆಳಗ್ಗೆ ದೋಣಿಯಿಂದ ಇಳಿದ ಮೀನಿನ ಬುಟ್ಟಿ ಮುಂಬೈಯ ವರ್ಸೋವಾದ ಮಾರುಕಟ್ಟೆಗೆ ಬಂತೆಂದರೆ ಬೆಕ್ಕುಗಳಿಗೆ ಯಾರೂ ಹೇಳಿಕಳಿಸಬೇಕಾಗಿಲ್ಲ. ಕೋಲಿ ಸಮುದಾಯದ ಹೆಂಗಸು ಮೆಟ್ಟುಕತ್ತಿಯ ಮುಂದೆ ಕುಳಿತು ಬಂಗುಡೆಯ ತಲೆ ತೆಗೆಯುತ್ತಾಳೆ, ಹೊಟ್ಟೆ ಸೀಳುತ್ತಾಳೆ, ಬೆರಳು ಹಾಕಿ ಕರುಳೆಳೆದು ಪಕ್ಕಕ್ಕೆ ಎಸೆಯುತ್ತಾಳೆ. ಅದು ನೆಲಕ್ಕೆ ಬೀಳುವಷ್ಟರಲ್ಲಿ ಒಂದು ಬಾಯಿ ಹಾಜರು. ಹಿಂದೆಯೇ ಇನ್ನೆರಡು, ಗುರ್ ಎನ್ನುತ್ತ.

ಅಲ್ಲಿಂದ ಕೂಗಳತೆಯ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ ಇನ್ನೊಂದು ಬೆಕ್ಕು. ಅದಕ್ಕೆ ದುಬಾರಿ ಪೊಟ್ಟಣದ ಆಹಾರ, ಸ್ಟೀಲ್ ಬಟ್ಟಲು, ಫಿಲ್ಟರ್ ನೀರು. ಆದರೂ ವಾರಕ್ಕೆರಡು ಸಲ ಸೋಫಾದ ಮೇಲೆ ವಾಂತಿ. ಮಾರುಕಟ್ಟೆಯ ಬೆಕ್ಕಿಗೆ ಏನೂ ಆಗುವುದಿಲ್ಲ, ನಮ್ಮದಕ್ಕೇ ಏಕೆ ಹೀಗೆ ಎಂದು ಮನೆಯವರು ಕೇಳುವುದು ಸಹಜ. ಮಾರುಕಟ್ಟೆಯ ಬೆಕ್ಕಿಗೂ ಆಗುತ್ತದೆ. ಅದರ ವಾಂತಿ, ಬೇಧಿಯ ಲೆಕ್ಕ ಇಡುವವರಿಲ್ಲ ಅಷ್ಟೆ. ಮನೆಯ ಬೆಕ್ಕಿನದಾದರೆ ಲಿಟರ್ ಬಾಕ್ಸಿನಲ್ಲಿ ಎಲ್ಲವೂ ದಾಖಲಾಗುತ್ತದೆ.

ಆ ದಾಖಲೆ ಹಿಡಿದುಕೊಂಡು ಮುಂಬೈಯವರು ಪಶುವೈದ್ಯರ ಬಳಿಗೆ ಹೋಗುವುದು ಈಗೀಗ ಜಾಸ್ತಿಯಾಗಿದೆ. ಪರೇಲಿನ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ 1880ರ ದಶಕದ್ದು. ಅದರ ಆವರಣದಲ್ಲೇ 1886ರಲ್ಲಿ ಬಾಂಬೆ ಪಶುವೈದ್ಯಕೀಯ ಕಾಲೇಜು ಶುರುವಾಯಿತು. ಆ ಕಾಲಕ್ಕೆ ಊರಿಗೆ ಬೇಕಾಗಿದ್ದದ್ದು ಟ್ರಾಮ್ ಎಳೆಯುವ ಕುದುರೆಯ, ಗಾಡಿ ಎಳೆಯುವ ಎತ್ತಿನ ವೈದ್ಯ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಬಾಗಿಲು ತೆರೆದ ಟಾಟಾ ಟ್ರಸ್ಟ್ಸ್ ಆಸ್ಪತ್ರೆಯ ಹೆಸರಿನಲ್ಲೇ ‘ಸಣ್ಣ ಪ್ರಾಣಿಗಳ ಆಸ್ಪತ್ರೆ’ ಎಂದಿದೆ: ಅಂದರೆ ನಾಯಿ, ಬೆಕ್ಕು. ಬುಟ್ಟಿಯೊಳಗೆ ಬೆಕ್ಕನ್ನು ಕೂರಿಸಿ, ಆಟೋ ಹಿಡಿದು, ಸರದಿಯಲ್ಲಿ ಕಾದು ಒಳಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ಏನು ತಿನ್ನುತ್ತದೆ?

‘ಬರೀ ಡ್ರೈ ಫುಡ್ ಡಾಕ್ಟ್ರೇ.’

ಈ ಉತ್ತರವನ್ನು ಯಾವ ಅನುಭವಸ್ಥ ವೈದ್ಯರೂ ಹಾಗೇ ನಂಬುವುದಿಲ್ಲ. ಇನ್ನೆರಡು ಪ್ರಶ್ನೆ ಕೇಳಿದರೆ ಬೆಳಗ್ಗೆ ಅಜ್ಜಿ ಹಾಕುವ ಹಾಲು ಹೊರಬರುತ್ತದೆ. ಮಧ್ಯಾಹ್ನ ಕೆಲಸದವಳು ತನ್ನ ಡಬ್ಬಿಯಿಂದ ಕೊಡುವ ಮೀನಿನ ತುಂಡು, ಮಗ ಟ್ಯೂಬಿನಿಂದ ನೆಕ್ಕಿಸುವ ಕ್ರೀಮು, ವಾಚ್‌ಮನ್ ಹಾಕುವ ಬಿಸ್ಕತ್ತು ಒಂದೊಂದಾಗಿ ಬರುತ್ತವೆ. ಚಾಳುಗಳಲ್ಲಿ, ಹಳೆಯ ಕಟ್ಟಡಗಳಲ್ಲಿ ಬಾಗಿಲು ತೆರೆದೇ ಇರುತ್ತದೆ. ಅಲ್ಲಿ ಬೆಕ್ಕು ಒಂದು ಮನೆಯದಲ್ಲ, ಇಡೀ ಮಹಡಿಯದು. ಒಂದು ಮನೆಯಲ್ಲಿ ಅದಕ್ಕೆ ಮನು ಎಂದು ಹೆಸರಿದ್ದರೆ ಇನ್ನೊಂದರಲ್ಲಿ ಸೋನಿ. ಎರಡು ಹೆಸರಿಗೂ ಊಟ ಬೇರೆ ಬೇರೆ. ಹೀಗಾಗಿ ಹೊಟ್ಟೆ ಕೆಟ್ಟ ಬೆಕ್ಕಿಗೆ ಏನು ಕೊಡಬೇಕು ಎನ್ನುವ ಮೊದಲು ಈಗ ಅದಕ್ಕೆ ಯಾರು ಯಾರು ಏನೇನು ಕೊಡುತ್ತಿದ್ದಾರೆ ಎಂಬ ಪಟ್ಟಿ ಆಗಬೇಕು. ಒಂದು ವಾರ ಬರೆದಿಟ್ಟರೆ ಎಷ್ಟೋ ಸಲ ಕಾಯಿಲೆಯ ಕಾರಣ ಆ ಹಾಳೆಯ ಮೇಲೇ ಕಾಣುತ್ತದೆ.

ಮುಂಬೈಯಲ್ಲಿ ಈ ಪಟ್ಟಿ ಪಂಚಾಂಗದ ಪ್ರಕಾರವೂ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ತಾಜಾ ಮೀನು ಕಡಿಮೆಯಾಗಿ ಉಪ್ಪು ಹಾಕಿ ಒಣಗಿಸಿದ ಬೊಂಬಿಲ್, ಒಣ ಸೀಗಡಿ ಅಡುಗೆಮನೆಗೆ ಬರುತ್ತವೆ. ಬೆಕ್ಕಿನ ಬಟ್ಟಲಿಗೂ ಅದೇ. ಆಮೇಲೆ ಆಷಾಢದ ಅಮಾವಾಸ್ಯೆ. ಕನ್ನಡಿಗರ ಮನೆಯಲ್ಲಿ ಅಂದು ಭೀಮನ ಅಮಾವಾಸ್ಯೆಯ ಪೂಜೆ, ಅದೇ ದಿನವನ್ನು ಗಟಾರಿ ಎಂದು ಕರೆಯುವ ಪಕ್ಕದ ಮರಾಠಿ ಮನೆಯಲ್ಲಿ ಶ್ರಾವಣಕ್ಕೆ ಮುಂಚಿನ ಕೊನೆಯ ಭರ್ಜರಿ ಮಾಂಸದೂಟ. ಬೆಕ್ಕಿಗೆ ಖಾರದ ಮಟನ್ ಚೂರು, ಎಲುಬು, ಎಣ್ಣೆ. ಮಾರನೆಯ ದಿನದಿಂದ ಮನೆಯವರು ಮಾಂಸ ಬಿಟ್ಟರು, ಬೆಕ್ಕಿಗೆ ಒಂದು ತಿಂಗಳು ಹಾಲನ್ನ. ವ್ರತ ಮನೆಯವರದು, ಉಪವಾಸ ಬೆಕ್ಕಿನದು.

ಈ ಏರುಪೇರು ಬೆಕ್ಕಿಗೆ ಏಕೆ ತಡೆಯದು ಎಂಬುದು ಅದರ ದೇಹದ ಲೆಕ್ಕದಲ್ಲಿದೆ. ಮನುಷ್ಯನಿಗೆ, ನಾಯಿಗೆ ಪ್ರೋಟೀನು ಕಡಿಮೆ ಬಿದ್ದರೆ ಯಕೃತ್ತು ಅದನ್ನು ಒಡೆಯುವ ವೇಗವನ್ನು ತಗ್ಗಿಸಿ ಉಳಿತಾಯ ಮಾಡಿಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಈ ಉಳಿತಾಯ ಅಷ್ಟಾಗಿ ಗೊತ್ತಿಲ್ಲ. ಪ್ರೋಟೀನು ಬರಲಿ ಬಿಡಲಿ, ಒಡೆಯುತ್ತಲೇ ಇರುತ್ತದೆ. ತಟ್ಟೆಯಲ್ಲಿ ಇಲ್ಲದಿದ್ದರೆ ಮೈಯ ಮಾಂಸಖಂಡ ಕರಗುತ್ತದೆ. ಅದರ ಲಾಲಾರಸದಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಇಲ್ಲ, ಮೇದೋಜೀರಕ ಗ್ರಂಥಿಯಿಂದ ಬರುವುದೂ ಕಡಿಮೆ. ಚೆನ್ನಾಗಿ ಬೇಯಿಸಿದ ಅನ್ನವನ್ನು ಒಂದಿಷ್ಟು ಜೀರ್ಣಿಸಿಕೊಳ್ಳುತ್ತದೆ, ನಿಜ. ಆದರೆ ಅನ್ನದ ಮೇಲೇ ಬದುಕುವ ಪ್ರಾಣಿ ಅದಲ್ಲ. ಸಿಹಿ ಎಂಬ ರುಚಿಯೇ ಅದಕ್ಕೆ ಗೊತ್ತಾಗುವುದಿಲ್ಲ: ಸಿಹಿ ಗುರುತಿಸುವ ಗ್ರಾಹಕದ ಒಂದು ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಅಮೆರಿಕದ ಮೊನೆಲ್ ಕೇಂದ್ರದ ವಿಜ್ಞಾನಿಗಳು ತೋರಿಸಿದರು. ಪಾಯಸದ ಬಟ್ಟಲು ನೆಕ್ಕುವ ಬೆಕ್ಕು ನೆಕ್ಕುವುದು ತುಪ್ಪಕ್ಕೆ, ಹಾಲಿನ ಕೆನೆಗೆ. ಸಕ್ಕರೆಗಲ್ಲ.

ಮುಖ್ಯವಾಗಿ ಮಾಂಸದಲ್ಲಿ ಸಿಗುವ ಟಾರಿನ್ ಎಂಬ ವಸ್ತುವಿನ ಕಥೆ ಇನ್ನೂ ಗಂಭೀರ. ನಾವು ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತೇವೆ. ಬೆಕ್ಕಿಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲು ಆಗದು. ಟಾರಿನ್ ಇಲ್ಲದ ಬೆಕ್ಕು ಕಣ್ಣು ಕಳೆದುಕೊಳ್ಳುತ್ತದೆ ಎಂಬುದು 1975ರಲ್ಲಿ ತಿಳಿಯಿತು. ಹೃದಯ ಹಿಗ್ಗಿ ಸಾಯುತ್ತದೆ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಸಾಬೀತು ಮಾಡಿದರು. ಆಗ ಸತ್ತ ಬೆಕ್ಕುಗಳು ಅಂಗಡಿಯ ಪೊಟ್ಟಣದ ಆಹಾರವನ್ನೇ ತಿಂದಿದ್ದವು. ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದ ಮೇಲೆ ಆ ಹೃದ್ರೋಗ ಬಹುತೇಕ ಮಾಯವಾಯಿತು. ನಾಯಿಯ ಪೊಟ್ಟಣವನ್ನೇ ಬೆಕ್ಕಿಗೂ ಹಾಕುವ ಮನೆಗಳು ಇಂದಿಗೂ ಇವೆ. ನಾಯಿಗೆಂದು ಮಾಡಿದ ಆಹಾರದಲ್ಲಿ ಬೆಕ್ಕಿಗೆ ಬೇಕಾದ ಟಾರಿನ್ ಇರಲೇಬೇಕೆಂಬ ನಿಯಮವಿಲ್ಲ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ (ಎಎಎಫ್‌ಸಿಒ) ಮಾನದಂಡದ ಪ್ರಕಾರ ವಯಸ್ಕ ನಾಯಿಗೆ ಒಣ ಲೆಕ್ಕದಲ್ಲಿ ಕನಿಷ್ಠ 18% ಪ್ರೋಟೀನು ಸಾಕು, ವಯಸ್ಕ ಬೆಕ್ಕಿಗೆ 26% ಬೇಕು.

ಹಾಲಿನ ವಿಷಯಕ್ಕೆ ಬಂದರೆ ಕನ್ನಡದ ಮಕ್ಕಳಿಗೆಲ್ಲ ತೆನಾಲಿ ರಾಮಕೃಷ್ಣನ ಬೆಕ್ಕು ಗೊತ್ತು. ರಾಯರು ಬೆಕ್ಕು ಸಾಕಲೆಂದು ಕೊಟ್ಟ ಹಸುವಿನ ಹಾಲನ್ನು ತಾನು ಕುಡಿದು, ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲಿಟ್ಟು, ಅದು ಆಮೇಲೆ ಹಾಲು ಕಂಡರೆ ಓಡುವಂತೆ ಮಾಡಿದವನು. ಬಾಯಿ ಸುಟ್ಟದ್ದು ಕ್ರೌರ್ಯವೇ. ಆದರೆ ಆಮೇಲೆ ಹಾಲು ತಪ್ಪಿದ್ದರಿಂದ ಆ ಬೆಕ್ಕಿಗೆ ನಷ್ಟವೇನೂ ಆಗಿರಲಾರದು. ತಾಯಿಯ ಮೊಲೆ ಬಿಟ್ಟ ಮೇಲೆ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಇಳಿಯುತ್ತ ಹೋಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ನೀರು ಎಳೆದುಕೊಳ್ಳುತ್ತದೆ, ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಹುಳಿಯಿಸಿ ವಾಯು ಹುಟ್ಟಿಸುತ್ತವೆ. ಫಲ: ಬೇಧಿ. ಎಲ್ಲ ಬೆಕ್ಕಿಗೂ ಹೀಗಾಗಬೇಕೆಂದಿಲ್ಲ, ಎರಡು ಚಮಚ ಹಾಲು ದಕ್ಕಿಸಿಕೊಳ್ಳುವವೂ ಇವೆ. ಮುಂಬೈಯಲ್ಲಿ ತಬೇಲಾದ ಎಮ್ಮೆ ಹಾಲಿಗೆ ಬೇಡಿಕೆ ಹೆಚ್ಚು. ಅದರ 100 ಮಿಲಿಲೀಟರಿನಲ್ಲಿ ಸುಮಾರು 100 ಕಿಲೋಕ್ಯಾಲರಿ. ನಾಲ್ಕು ಕೆ.ಜಿ. ತೂಗುವ ಬೆಕ್ಕಿಗೆ ಇಡೀ ದಿನಕ್ಕೆ ಬೇಕಾಗುವುದೇ 200ರಿಂದ 250. ಒಂದು ಪುಟ್ಟ ಬಟ್ಟಲಿನಲ್ಲೇ ಹೊಟ್ಟೆ ಅರ್ಧ ತುಂಬಿದರೆ ಮಾಂಸಕ್ಕೆ ಜಾಗವೆಲ್ಲಿ?

ಮಾಟುಂಗಾ, ಡೊಂಬಿವಲಿ, ಮೀರಾ ರೋಡ್ ಕಡೆಯ ಕನ್ನಡ ಮನೆಗಳಲ್ಲಿ ಹೊಟ್ಟೆ ಕೆಟ್ಟರೆ ಮನುಷ್ಯನಿಗೂ ಬೆಕ್ಕಿಗೂ ಒಂದೇ ಮದ್ದು: ಮೊಸರನ್ನ. ಮೊಸರಿನಲ್ಲಿ ಲ್ಯಾಕ್ಟೋಸ್ ಹಾಲಿಗಿಂತ ಕಡಿಮೆ, ಒಗ್ಗರಣೆ ಹಾಕದ ಒಂದು ಚಮಚ ಮೊಸರಿನಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಅದೇ ಊಟವಾಗಬಾರದು, ಅಷ್ಟೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವುದನ್ನೂ ಕೊಡುವಂತಿಲ್ಲ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರಿನ ಮೀನನ್ನು ತೊಳೆದು ಹಾಕಿದರೂ ಮಸಾಲೆ ಪೂರ್ತಿ ಹೋಗುವುದಿಲ್ಲ.

ಇನ್ನು ಮೀನು. ಕರಾವಳಿಯಿಂದ ಬಂದು ಇಲ್ಲಿ ನೆಲೆ ನಿಂತವರಿಗೆ ಬಂಗುಡೆ, ಬೂತಾಯಿ ಇಲ್ಲದ ಬೆಕ್ಕಿನ ಬದುಕೂ ಒಂದು ಬದುಕೇ ಎನಿಸಬಹುದು. ಅಡ್ಡಿಯಿಲ್ಲ, ಬೇಯಿಸಿದ್ದು, ಮುಳ್ಳು ತೆಗೆದದ್ದು, ಆಗೊಮ್ಮೆ ಈಗೊಮ್ಮೆ. ದಿನವೂ ಮೀನೇ ಆದರೆ ತೊಂದರೆ ಮೂರು ದಾರಿಯಿಂದ ಬರುತ್ತದೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಬೇಯಿಸಿದರೆ ಅದು ಸಾಯುತ್ತದೆ, ಹಸಿಯಾಗಿ ತಿಂದರೆ ಬೆಕ್ಕಿಗೆ ಮೊದಲು ಊಟ ಸೇರದು, ವಾಂತಿ, ಆಮೇಲೆ ಕುತ್ತಿಗೆ ಎತ್ತಲಾರದೆ ತಲೆ ಕೆಳಕ್ಕೆ ಬಾಗುತ್ತದೆ, ಫಿಟ್ಸ್ ಬರುತ್ತದೆ. ಎಣ್ಣೆ ಹೆಚ್ಚಿರುವ ಮೀನೇ ದಿನದ ಊಟವಾಗಿ ಇ ಜೀವಸತ್ವ ಸಾಲದಾದರೆ ಚರ್ಮದಡಿಯ ಕೊಬ್ಬಿಗೆ ಉರಿಯೂತ ಬಂದು, ಮೈ ಮುಟ್ಟಿದರೆ ಬೆಕ್ಕು ಕಿರುಚುತ್ತದೆ.

ಮೂರನೆಯದು ಹೊಟ್ಟೆಗೆ ನೇರ ಸಂಬಂಧಿಸಿದ್ದು. ಬೆಕ್ಕುಗಳ ಆಹಾರ ಅಲರ್ಜಿಯ ಬಗ್ಗೆ ಬಂದ ವರದಿಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ದನದ ಮಾಂಸ 18%, ಮೀನು 17%, ಕೋಳಿ 5% ಬೆಕ್ಕುಗಳಲ್ಲಿ ಕಾರಣವಾಗಿದ್ದವು. ದನದ ಮಾಂಸ ಮೊದಲ ಸ್ಥಾನಕ್ಕೆ ಬಂದದ್ದು ಪಶ್ಚಿಮದ ಪೊಟ್ಟಣಗಳಲ್ಲಿ ಅದು ಹೆಚ್ಚಿರುವುದರಿಂದ ಇರಬೇಕು. ಪದೇ ಪದೇ ತಿಂದ ಪ್ರೋಟೀನಿನ ಮೇಲೇ ಅಲರ್ಜಿ ಹುಟ್ಟುವುದು. ಆ ತರ್ಕದಿಂದ ನೋಡಿದರೆ ಮರಿಯಾಗಿದ್ದಾಗಿನಿಂದ ಮೀನು ತಿಂದ ಮುಂಬೈಯ ಬೆಕ್ಕಿಗೆ ಬೇಧಿ ನಿಲ್ಲದಿದ್ದರೆ, ಬೆಕ್ಕಿಗೆ ಅತಿ ಪ್ರಿಯವಾದ ಆ ಮೀನನ್ನೇ ಮೊದಲು ಅನುಮಾನಿಸಬೇಕು. ಮನೆಯವರಿಗೆ ಒಪ್ಪಿಸಲು ಕಷ್ಟವಾದ ಮಾತು ಇದು.

ಹಾಗಾದರೆ ಬೇಯಿಸಿದ ಚಿಕನ್? ಮುಂಬೈಯಲ್ಲಿ ಬೆಕ್ಕು ಸಾಕುವವರ ಫ್ರಿಜ್ಜಿನಲ್ಲಿ ಎಲುಬಿಲ್ಲದ ಚಿಕನ್ ಡಬ್ಬಿ ಇದ್ದೇ ಇರುತ್ತದೆ. ಒಂದೆರಡು ದಿನದ ಹೊಟ್ಟೆ ಕೆಡುಕಿಗೆ ಚರ್ಮ ತೆಗೆದು, ಉಪ್ಪು ಹಾಕದೆ ಬೇಯಿಸಿ, ಸಣ್ಣಗೆ ಹರಿದ ಚಿಕನ್ ಒಳ್ಳೆಯ ಊಟ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ, ಬೆಚ್ಚಗೆ, ಅದು ಬೆಂದ ನೀರನ್ನೇ ಸೇರಿಸಿ. ಅದನ್ನೇ ತಿಂಗಳುಗಟ್ಟಲೆ ಮುಂದುವರಿಸಿದರೆ ಬೇರೆ ಕಾಯಿಲೆಗೆ ದಾರಿ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ದೇಹ ಆ ಕೊರತೆಯನ್ನು ಎಲುಬಿನಿಂದ ತುಂಬಿಸಿಕೊಳ್ಳುತ್ತದೆ. ಬರೀ ಚಿಕನ್ ತಿಂದು ಬೆಳೆದ ಮರಿ ಮಂಚದಿಂದ ಹಾರಿದ್ದಕ್ಕೇ ಕಾಲು ಮುರಿದುಕೊಳ್ಳುವುದು ಹೀಗೆ. ಬೆಂದ ನೀರನ್ನು ಚೆಲ್ಲಿದರೆ ಟಾರಿನ್ ಕೂಡ ಮೋರಿಗೆ ಹೋಗುತ್ತದೆ. ಮನೆಯಡುಗೆಯೇ ಶ್ರೇಷ್ಠ ಎನ್ನುವವರಿಗೆ 2019ರ ಒಂದು ಅಧ್ಯಯನ ತಣ್ಣೀರೆರಚಿತು: ಪುಸ್ತಕಗಳಲ್ಲಿ, ಅಂತರ್ಜಾಲದಲ್ಲಿ ಸಿಗುವ 114 ಬೆಕ್ಕಿನಡುಗೆಗಳನ್ನು ಡೇವಿಸ್‌ನ ಸಂಶೋಧಕರು ಪರಿಶೀಲಿಸಿದರು. ಲೆಕ್ಕ ಹಾಕಲು ಸಾಧ್ಯವಾದ ಅಡುಗೆಗಳಲ್ಲಿ ಒಂದರಲ್ಲೂ ಬೇಕಾದ ಪೋಷಕಾಂಶಗಳೆಲ್ಲ ಪೂರ್ತಿ ಇರಲಿಲ್ಲ.

ಹಸಿ ಮಾಂಸವೇ ನಿಸರ್ಗ ಎಂಬ ವಾದ ಇತ್ತೀಚೆಗೆ ಬಾಂದ್ರಾ, ಪೊವಾಯಿ ಕಡೆ ಕೇಳಿಬರುತ್ತಿದೆ. ಅವರಿಗೆ ಮಹಾರಾಷ್ಟ್ರದೊಳಗಿನ ಒಂದು ಸುದ್ದಿಯನ್ನು ನೆನಪಿಸಬೇಕು. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಸತ್ತವು. ಕಾರಣ ಎಚ್5ಎನ್1 ಹಕ್ಕಿಜ್ವರ. ಅನುಮಾನ ಹೋದದ್ದು ತಿನ್ನಿಸಿದ ಕೋಳಿಮಾಂಸದ ಮೇಲೆ. ಅದರ ಬೆನ್ನಿಗೇ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲೂ ಅದೇ ವೈರಾಣು ಸಿಕ್ಕಿತು. ಸಾಲ್ಮೊನೆಲ್ಲಾ ಬೇರೆ ಇದ್ದೇ ಇದೆ. ಈಗಾಗಲೇ ಕೆಟ್ಟ ಕರುಳಿಗೆ ಹಸಿ ಮಾಂಸ ಹಾಕಿ ಪ್ರಯೋಗ ಮಾಡುವುದು ಶುದ್ಧ ಹುಚ್ಚುತನ.

ಎಲ್ಲ ಹೊಟ್ಟೆನೋವೂ ಊಟದಿಂದ ಬಂದದ್ದಲ್ಲ, ಎಲ್ಲವೂ ಊಟದಿಂದ ಹೋಗುವುದೂ ಇಲ್ಲ. ಲಸಿಕೆ ಹಾಕಿಸದ ಮರಿ ವಾಂತಿ ಮಾಡುತ್ತ, ಬೇಧಿ ಹೋಗುತ್ತ, ನೀರಿನ ಬಟ್ಟಲ ಮುಂದೆ ಕುಡಿಯಲಾರದೆ ಮುದುರಿ ಕುಳಿತಿದ್ದರೆ ಅದು ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಾಣು ರೋಗ ಇರಬಹುದು. ಅಲ್ಲಿ ಪೊಟ್ಟಣ ಬದಲಿಸುತ್ತ ಕೂತರೆ ಮರಿ ಉಳಿಯದು. ದಾದರಿನಿಂದ ತಂದ ಹೂವಿನ ಮಾಲೆಯ ದಾರ, ಸಂಕ್ರಾಂತಿಯ ಮಾಂಜಾ, ಹೊಲಿಗೆಯ ನೂಲು ನುಂಗಿದ ಬೆಕ್ಕಿನ ಕರುಳು ಆ ದಾರದ ಮೇಲೆ ನೆರಿಗೆ ಕಟ್ಟಿಕೊಳ್ಳುತ್ತದೆ; ಶಸ್ತ್ರಚಿಕಿತ್ಸೆಯೇ ಗತಿ. ಗುದದಲ್ಲಿ ದಾರದ ತುದಿ ಕಂಡರೆ ಎಳೆಯಲೇಬಾರದು. ಗಂಡು ಬೆಕ್ಕು ಲಿಟರ್ ಬಾಕ್ಸಿನಲ್ಲಿ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಎಂದುಕೊಂಡು ಕುಂಬಳಕಾಯಿ ತಿನ್ನಿಸುವವರಿದ್ದಾರೆ. ಎಷ್ಟೋ ಸಲ ಕಟ್ಟಿರುವುದು ಮಲವಲ್ಲ, ಮೂತ್ರ. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಸಂಗತಿ ಅದು. ಮನುಷ್ಯರ ಮಾತ್ರೆ ಕೊಡುವುದಂತೂ ಬೇಡವೇ ಬೇಡ, ಒಂದು ಪ್ಯಾರಾಸಿಟಮಾಲ್ ಸಾಕು ಬೆಕ್ಕನ್ನು ಕೊಲ್ಲಲು.

ಹಿಂದೆ ಬೇಧಿಯಾದರೆ ಒಂದು ದಿನ ಉಪವಾಸ ಹಾಕುವುದು ರೂಢಿಯಾಗಿತ್ತು. ಬೆಕ್ಕಿನ ಮಟ್ಟಿಗೆ ಅದು ಅಪಾಯ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲೇ ತುಂಬಿಕೊಳ್ಳುತ್ತದೆ. ಕಣ್ಣು, ಕಿವಿಯ ಒಳಭಾಗ ಹಳದಿಯಾಗುತ್ತದೆ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಹಟ ಹಿಡಿಯುವ ಮನೆಯವರು ಬೆಕ್ಕಿನ ಹಟದ ಮುಂದೆ ಗೆಲ್ಲುವುದಿಲ್ಲ. ಅದಕ್ಕೇ ಹೊಸ ಆಹಾರ ಎಷ್ಟೇ ಶ್ರೇಷ್ಠವಾಗಿರಲಿ, ಬೆಕ್ಕು ಮುಟ್ಟದಿದ್ದರೆ ಅದು ಸರಿಯಾದ ಆಹಾರವಲ್ಲ.

ವೈದ್ಯರು ಜಂತುಹುಳು, ಜಿಯಾರ್ಡಿಯಾ ಇತ್ಯಾದಿ ಇಲ್ಲವೆಂದು ಮಲ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡ ಮೇಲೂ ವಾರಗಟ್ಟಲೆ ಬೇಧಿ, ವಾಂತಿ ನಡೆದೇ ಇದ್ದರೆ ಆಗ ಆಹಾರವೇ ಪರೀಕ್ಷೆಯೂ ಚಿಕಿತ್ಸೆಯೂ ಆಗುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 55 ಬೆಕ್ಕುಗಳಿಗೆ ಊಟ ಬದಲಿಸಿ ನೋಡಿದರು. 16 ಬೆಕ್ಕುಗಳಿಗೆ ಹಳೆಯ ಆಹಾರವೇ ಒಗ್ಗುತ್ತಿರಲಿಲ್ಲ ಎಂದು ಸಾಬೀತಾಯಿತು. ಇನ್ನೂ ಹಲವು ಬೆಕ್ಕುಗಳು ಸುಧಾರಿಸಿದವು, ಹಳೆಯ ಆಹಾರಕ್ಕೆ ಮರಳಿದರೂ ಮತ್ತೆ ಕೆಡಲಿಲ್ಲ. ಚರ್ಮದ ಅಲರ್ಜಿಗೆ ಎಂಟು ವಾರ ಕಾಯಬೇಕಾಗುತ್ತದೆ, ಕರುಳಿನ ತೊಂದರೆಯಾದರೆ ಸರಿಯಾದ ಆಹಾರ ಒಂದೆರಡು ವಾರದಲ್ಲೇ ಗುಣ ತೋರಿಸುತ್ತದೆ. ಈ ಅವಧಿ ಸಣ್ಣದು ಎಂಬುದೇ ಮನೆಯವರಿಗೆ ದೊಡ್ಡ ಸಮಾಧಾನ.

ಆಯ್ಕೆ ಎರಡು ಬಗೆ. ಒಂದು, ಆ ಬೆಕ್ಕು ಹಿಂದೆಂದೂ ತಿನ್ನದ ಮಾಂಸ. ಮೀನು, ಕೋಳಿ ತಿಂದು ಬೆಳೆದ ಮುಂಬೈಯ ಬೆಕ್ಕಿಗೆ ಬಾತುಕೋಳಿಯೋ ಮೇಕೆಯದೋ ಹೊಸದಾಗಬಹುದು, ಗಟಾರಿಯ ದಿನ ಮಟನ್ ತಿಂದಿರದಿದ್ದರೆ. ಇನ್ನೊಂದು, ಪ್ರೋಟೀನನ್ನು ಮೊದಲೇ ಸಣ್ಣ ಸಣ್ಣ ತುಣುಕಾಗಿ ಒಡೆದು ರೋಗನಿರೋಧಕ ವ್ಯವಸ್ಥೆಗೆ ಗುರುತು ಸಿಗದಂತೆ ಮಾಡಿದ ಹೈಡ್ರೊಲೈಸ್ಡ್ ಆಹಾರ. ಇದು ವೈದ್ಯರ ಚೀಟಿಯ ಮೇಲೆ ಸಿಗುವಂಥದು, ಮಾಮೂಲು ಪೊಟ್ಟಣಕ್ಕಿಂತ ಹಲವು ಪಟ್ಟು ದುಬಾರಿ. ‘ಗ್ಯಾಸ್ಟ್ರೊ ಇಂಟೆಸ್ಟೈನಲ್’ ಎಂದು ಬರೆದ ಪೊಟ್ಟಣಗಳು ಬೇರೆ. ಅವು ಬೇಗ ಜೀರ್ಣವಾಗುವ ಸಾಮಾನ್ಯ ಪ್ರೋಟೀನಿನವು, ಅಲರ್ಜಿಗೆಂದು ಮಾಡಿದ್ದಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಯವರಿಗೆ ಎರಡೂ ‘ಪೇಟ್ ಕಾ ಫುಡ್’. ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಿರಬೇಕು. ನಾಯಿಗೆ ಹೇಳುವಂತೆ ಬೆಕ್ಕಿಗೂ ಕೊಬ್ಬು ಕಡಿಮೆ ಮಾಡಿ ಎನ್ನುವುದಕ್ಕೆ ಆಧಾರ ಸಾಲದು. ದೀರ್ಘಕಾಲದ ಬೇಧಿಯ ಬೆಕ್ಕುಗಳಿಗೆ ಕೊಬ್ಬು ಹೆಚ್ಚಿನ, ಕಡಿಮೆಯ ಎರಡು ಆಹಾರ ಕೊಟ್ಟು 2011ರಲ್ಲಿ ಹೋಲಿಸಿದಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಗುಣ ಸಿಕ್ಕಿತು.

ಪೊಟ್ಟಣದ ಹಿಂಬದಿ ಓದುವುದಕ್ಕೂ ಒಂದು ಲೆಕ್ಕವಿದೆ. ಒದ್ದೆ ಆಹಾರದ ಪೌಚಿನ ಮೇಲೆ ಪ್ರೋಟೀನು 9% ಎಂದಿರುತ್ತದೆ, ಡ್ರೈ ಫುಡ್ಡಿನ ಮೇಲೆ 32%. ಪೌಚಿನಲ್ಲಿ ಏನೂ ಇಲ್ಲ ಎಂದು ಅದನ್ನು ಪಕ್ಕಕ್ಕಿಡುವವರೇ ಹೆಚ್ಚು. ಪೌಚಿನಲ್ಲಿ 82% ನೀರಿದ್ದರೆ ನೂರು ಗ್ರಾಂನ ಪೈಕಿ ಉಳಿದ 18 ಗ್ರಾಂನಲ್ಲಿ 9 ಗ್ರಾಂ ಪ್ರೋಟೀನು, ಅಂದರೆ ಸರಿಯಾಗಿ ಅರ್ಧ. ಡ್ರೈ ಫುಡ್ಡಿನಲ್ಲಿ ನೀರು 10% ಎಂದಿಟ್ಟುಕೊಂಡರೆ ಪ್ರೋಟೀನು ಸುಮಾರು 36%. ನೀರಿನ ಅಂಶವೂ ಮುಖ್ಯವೇ. ಬೆಕ್ಕಿನ ಪೂರ್ವಜ ಮರುಭೂಮಿಯ ಕಾಡುಬೆಕ್ಕು. ಬಾಯಾರಿಕೆ ಅದಕ್ಕೆ ತಡವಾಗಿ ತಿಳಿಯುತ್ತದೆ. ಮಲ ಗಟ್ಟಿಯಾಗುವ ಬೆಕ್ಕಿಗೆ ಒದ್ದೆ ಆಹಾರ ಅರ್ಧ ಚಿಕಿತ್ಸೆ. ಅದಕ್ಕೆ ನೀರಿನಲ್ಲಿ ನೆನೆಸಿದ ಇಸಬ್ಗೋಲ್ ಚಿಟಿಕೆಯಷ್ಟು ಸೇರಿಸಲು ವೈದ್ಯರು ಹೇಳುವುದುಂಟು. ಒಣಗಿದ್ದನ್ನು ಹಾಗೇ ಹಾಕಿದರೆ ಕಟ್ಟಿಕೊಳ್ಳುತ್ತದೆ. ಪೌಚಿನ ಮೇಲೆ ‘ಕಂಪ್ಲೀಟ್’ ಎಂದಿದೆಯೋ ‘ಕಾಂಪ್ಲಿಮೆಂಟರಿ’ ಎಂದಿದೆಯೋ ನೋಡಬೇಕು. ಎರಡನೆಯದು ಬರೀ ಬಾಯಿ ಚಪಲಕ್ಕೆ.

ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಿಗೆ ಮುಂಬೈಯ ಸೆಖೆ ಶಿಕ್ಷೆಯೇ. ಮೈ ನೆಕ್ಕಿ ನುಂಗಿದ ಕೂದಲು ಉಂಡೆಯಾಗಿ ಹೊರಬರುವುದು ಆಗೀಗ ಸಹಜ. ವಾರ ವಾರವೂ ಬಂದರೆ ಕೂದಲನ್ನು ದೂರುವುದು ಬಿಟ್ಟು ಕರುಳನ್ನು ನೋಡಬೇಕು. ತಿಂದರೂ ತೂಕ ಇಳಿಯುತ್ತಿರುವ ವಯಸ್ಸಾದ ಬೆಕ್ಕಿಗೆ ಥೈರಾಯ್ಡ್, ಬಿ12 ಎರಡನ್ನೂ ಪರೀಕ್ಷಿಸುತ್ತಾರೆ. ಕರುಳಿನ ಉರಿಯೂತ ಹಳೆಯದಾದರೆ ಬಿ12 ಹೀರಿಕೆ ಕುಂದಬಹುದು, ಆಗ ಅದನ್ನು ಬೇರೆಯಾಗಿ ಕೊಡದೆ ಯಾವ ಆಹಾರವೂ ಮೈಗೆ ಹತ್ತುವುದಿಲ್ಲ.

ಹೊಸ ಆಹಾರಕ್ಕೆ ದಾಟುವುದು ಏಳರಿಂದ ಹತ್ತು ದಿನದ ಕೆಲಸ: ಹಳೆಯದರಲ್ಲಿ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಮುಕ್ಕಾಲು. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಬಾಯಿ ಬಿಚ್ಚಿದ ಮೂಟೆಯಿಂದ ತೂಗಿ ಕೊಡುವ ಲೂಸ್ ಡ್ರೈ ಫುಡ್ ಅಗ್ಗ, ಆದರೆ ಜುಲೈಯ ತೇವಕ್ಕೆ ಅದು ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ಕೊಬ್ಬು ಕಮಟುತ್ತದೆ. ಸಣ್ಣ ಪೊಟ್ಟಣ ತಂದು, ಅದನ್ನು ಪೊಟ್ಟಣ ಸಮೇತ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಯಾರಿಕೆಯ ತಾರೀಕೂ ಕೈಗೆ ಸಿಗುತ್ತದೆ.

ಎರಡು ವಾರ ಕಟ್ಟುನಿಟ್ಟಾಗಿ ನಡೆಸಿ, ಮಲ ಗಟ್ಟಿಯಾಗಿ, ಬೆಕ್ಕು ಮತ್ತೆ ಪರದೆ ಹತ್ತಿ ಇಳಿಯತೊಡಗಿದ ಮೇಲೆ ವೈದ್ಯರು ಒಂದು ವಿಚಿತ್ರ ಸಲಹೆ ಕೊಡುತ್ತಾರೆ: ಹಳೆಯ ಆಹಾರವನ್ನು, ಮೀನಾಗಿದ್ದರೆ ಮೀನನ್ನೇ, ಒಮ್ಮೆ ಕೊಟ್ಟು ನೋಡಿ. ಹತ್ತರಲ್ಲಿ ಒಂಬತ್ತು ಮನೆಯವರು ಒಪ್ಪುವುದಿಲ್ಲ, ಒಪ್ಪದಿರುವುದು ಅರ್ಥವಾಗುವಂಥದೇ. ಆದರೆ ಆ ಮೀನು ಕೊಟ್ಟ ಕೆಲವೇ ದಿನಗಳಲ್ಲಿ ಬೇಧಿ ಮರಳಿ ಬಂದರೆ ಮಾತ್ರ ಮೀನೇ ಕಾರಣ ಎಂದು ತಿಳಿಯುತ್ತದೆ. ಬರದಿದ್ದರೆ ದುಬಾರಿ ಪೊಟ್ಟಣದ ಖರ್ಚು ಜೀವಮಾನವಿಡೀ ಹೊರಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಡುವುದು ಮಹಡಿಯ ಇನ್ನೊಂದು ಬಾಗಿಲಿನಲ್ಲಿ. ಬಂದ ಬೆಕ್ಕಿಗೆ ಒಂದು ತುತ್ತು ಹಾಕದೆ ಕಳಿಸುವುದು ಪಾಪವೆಂದು ನಂಬಿದ ಪಕ್ಕದ ಮನೆಯ ಆಯಿಗೆ ಹೈಡ್ರೊಲೈಸ್ಡ್ ಪ್ರೋಟೀನಿನ ಪಾಠ ಮಾಡುವುದು ಹೇಗೆ? ಸಾಧ್ಯವಾದರೆ ಆ ಎರಡು ವಾರ ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು. ಆಗದವರಿಗೆ ಉಳಿದದ್ದು ಸಿಕ್ಕಿಹಾಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯೊಂದನ್ನು ಬೆಕ್ಕಿನ ಕೊರಳಿಗೆ ಕಟ್ಟಿ, ಅದರ ಮೇಲೆ ‘ಔಷಧ ನಡೆದಿದೆ, ಏನೂ ತಿನ್ನಿಸಬೇಡಿ’ ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಬರೆಸುವ ದಾರಿ. ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಬೆಕ್ಕಿನ ಫೋಟೋ ಸಮೇತ ಒಂದು ಸಂದೇಶ ಹಾಕಬಹುದು. ವಾಚ್‌ಮನ್ನನ ಬಿಸ್ಕತ್ತಿಗೆ ಮಾತ್ರ ಬರಹ ಸಾಲದು, ಖುದ್ದಾಗಿ ಹೋಗಿ ಹೇಳಿಬರಬೇಕು. ಪಾಳಿ ಬದಲಾಗುವುದರಿಂದ ಇಬ್ಬರಿಗೂ.